ಫೋರ್ಕ್‌ಲಿಫ್ಟ್ ಕೊಳ್ಳುವ ಮೊದಲು ಗೋದಾಮಿನ ಬಾಗಿಲು ಅಳೆಯಿರಿ

ಸಂಪಾದಕರಿಗೆ ನಮಸ್ಕಾರ.

ನಾನು ಕಾರವಾರದವನು. 19 ವರ್ಷ ಗೋವಾದ ವೆರ್ಣಾ ಕೈಗಾರಿಕಾ ಪ್ರದೇಶದಲ್ಲಿ ಫೋರ್ಕ್‌ಲಿಫ್ಟ್ ಓಡಿಸಿದ್ದೇನೆ. ಮುಂದೆ ಚಾಚಿದ ಎರಡು ಕಬ್ಬಿಣದ ಕೋಲು, ಅಂದರೆ ಫೋರ್ಕ್, ಸಾಮಾನಿನ ಅಡಿಗೆ ತೂರಿಸಿ ಎತ್ತಿ ಸಾಗಿಸುವ ಗಾಡಿ ಅದು. ಬೆಳಿಗ್ಗೆ ರೈಲು ಹತ್ತಿ ಹೋಗಿ ಕತ್ತಲಾದ ಮೇಲೆ ಮನೆ ಸೇರುವ ನಮ್ಮ ಕಡೆಯ ಎಷ್ಟೋ ಜನರಲ್ಲಿ ನಾನೂ ಒಬ್ಬನಾಗಿದ್ದೆ. ಬೆನ್ನುನೋವು ಜಾಸ್ತಿಯಾಗಿ ಎರಡು ವರ್ಷದ ಹಿಂದೆ ಕೆಲಸ ಬಿಟ್ಟೆ. ಈಗ ಕರೆದವರ ಗೋದಾಮಿಗೆ ಹೋಗಿ ಹುಡುಗರಿಗೆ ಗಾಡಿ ಓಡಿಸುವುದನ್ನು ಹೇಳಿಕೊಡುತ್ತೇನೆ. ಅಂಕೋಲಾ, ಕುಮಟಾ, ಘಟ್ಟದ ಮೇಲೆ ಶಿರಸಿ, ಹೀಗೆ ಸುತ್ತಾಟ ಇದ್ದೇ ಇರುತ್ತದೆ.

ಸಣ್ಣ ಗೋದಾಮಿನವರೂ ಈಗ ಫೋರ್ಕ್‌ಲಿಫ್ಟ್ ತರುತ್ತಿದ್ದಾರೆ. ಹಮಾಲಿ ಕೆಲಸಕ್ಕೆ ಜನ ಸಿಗುವುದಿಲ್ಲ, ಸಿಕ್ಕವರಿಗೂ ವಯಸ್ಸಾಗಿದೆ. ಗಾಡಿ ಬರುವುದು ಒಳ್ಳೆಯದೇ. ನನ್ನ ಅಪ್ಪ ಬಂದರಿನಲ್ಲಿ ಮೂಟೆ ಹೊತ್ತವರು. ಐವತ್ತು ದಾಟುವುದರೊಳಗೆ ಅವರಿಗೆ ಕುತ್ತಿಗೆ ತಿರುಗಿಸಲು ಆಗುತ್ತಿರಲಿಲ್ಲ, ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದರು. ಆ ಕಷ್ಟ ಇನ್ನೊಬ್ಬರಿಗೆ ಬೇಡ. ಆದರೆ ನಾನು ನೋಡಿದ ಎಷ್ಟೋ ಕಡೆ ಗಾಡಿಗೂ ಜಾಗಕ್ಕೂ ತಾಳೆಯೇ ಇಲ್ಲ. ರೇಟು ನೋಡಿ ತರುತ್ತಾರೆ. ತಂದ ಮೇಲೆ ಅದನ್ನು ಎಲ್ಲಿ ಓಡಿಸುವುದು ಎಂದು ಯೋಚಿಸುತ್ತಾರೆ.

ಕಳೆದ ಮಳೆಗಾಲದಲ್ಲಿ ಶಿರಸಿ ಕಡೆಯ ಒಂದು ಅಡಿಕೆ ಗೋದಾಮಿನಿಂದ ಫೋನ್ ಬಂತು. ಯಜಮಾನರು 3 ಟನ್ನಿನ ಸೆಕೆಂಡ್ ಹ್ಯಾಂಡ್ ಡೀಸೆಲ್ ಫೋರ್ಕ್‌ಲಿಫ್ಟ್ ತಂದಿದ್ದರು. "ಕಡಿಮೆಗೆ ಸಿಕ್ತು ಮಾರಾಯ. ದೊಡ್ಡದಿದ್ರೆ ಎಲ್ಲದಕ್ಕೂ ಆಯ್ತಲ್ಲ" ಎಂದರು. ಒಳ್ಳೆಯ ಮನುಷ್ಯ, ಕೆಲಸದವರನ್ನು ಮನೆಯವರ ಹಾಗೆ ನೋಡಿಕೊಳ್ಳುವವರು. ಅದಕ್ಕೇ ಈ ಕತೆ ಬರೆಯುವಾಗ ನನಗೆ ಸಂಕಟವಾಗುತ್ತದೆ.

ನಾನು ಹೋಗುವಷ್ಟರಲ್ಲಿ ಬಾಗಿಲ ಮೇಲಿನ ತೊಲೆ ಕಿತ್ತಿದ್ದರು. ಹಳೇ ಹೆಂಚಿನ ಕಟ್ಟಡ. ಟೇಪು ಹಿಡಿದು ನೋಡಿದೆ. ತೊಲೆ ಕೂತಿದ್ದ ಜಾಗಕ್ಕೆ ನೆಲದಿಂದ 2 ಮೀಟರ್ 5 ಸೆಂಟಿಮೀಟರ್. ಗಾಡಿಯ ಮಾಸ್ಟ್, ಅಂದರೆ ಫೋರ್ಕ್ ಏರಿಳಿಯುವ ಮುಂದಿನ ಕಂಬ, ಪೂರ್ತಿ ಇಳಿಸಿದಾಗ 2 ಮೀಟರ್ 15 ಸೆಂಟಿಮೀಟರ್. ಒಂದು ಗೇಣೂ ಇಲ್ಲದ ಅಂತರಕ್ಕೆ ತೊಲೆ ಹೋಗಿತ್ತು. ಗಾಡಿ ಎಷ್ಟು ಎತ್ತರಕ್ಕೆ ಎತ್ತುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಇಳಿಸಿದಾಗ ಎಷ್ಟು ಎತ್ತರ ಇರುತ್ತದೆ ಎಂದು ಕೇಳುವವರು ಕಡಿಮೆ.

ಒಳಗೆ ಹೋದರೆ ಎರಡೂ ಕಡೆ ಚೀಲದ ಥಪ್ಪಿ. ನಡುವಿನ ದಾರಿ 2 ಮೀಟರ್ 60. ಈ ಅಳತೆಯ ಗಾಡಿ ಪ್ಯಾಲೆಟ್, ಅಂದರೆ ಸಾಮಾನು ಪೇರಿಸುವ ಮರದ ಮಣೆ, ಹಿಡಿದುಕೊಂಡು ಥಪ್ಪಿಗೆ ಎದುರಾಗಿ ನಿಲ್ಲಬೇಕಾದರೆ ಸುಮಾರು ನಾಲ್ಕು ಮೀಟರ್ ಬೇಕು. ಗಾಡಿ ಓಡಿಸುವ ಹುಡುಗ ಹಿಂದೆ ಮುಂದೆ, ಹಿಂದೆ ಮುಂದೆ ಮಾಡುತ್ತಲೇ ಇದ್ದ. ಅಷ್ಟು ಹೊತ್ತೂ ಇಂಜಿನ್ ಹೊಗೆ ಉಗುಳುತ್ತಿತ್ತು. ಮಳೆಗಾಲದಲ್ಲಿ ಅಡಿಕೆಗೆ ಬೂಸಲು ಬರಬಾರದೆಂದು ಕಿಟಕಿ ಮುಚ್ಚಿಯೇ ಇಡುತ್ತಾರೆ. ಆ ಹೊಗೆ ಎಲ್ಲಿಗೆ ಹೋಗಬೇಕು? ಅಡಿಕೆ ಆರಿಸುವ ಹೆಂಗಸರು ಮಧ್ಯಾಹ್ನದ ಹೊತ್ತಿಗೆ ತಲೆಸುತ್ತು ಎಂದು ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದರು. ಡೀಸೆಲ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಕಣ್ಣು ಉರಿಯದಿದ್ದರೆ ಏನೂ ಆಗಿಲ್ಲ ಎಂದುಕೊಳ್ಳುವುದು ತಪ್ಪು. ಮುಚ್ಚಿದ ಗೋದಾಮಿಗೆ ಡೀಸೆಲ್ ಗಾಡಿ ಬೇಡವೇ ಬೇಡ. ಗ್ಯಾಸ್ ಗಾಡಿಯ ಹೊಗೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದರಲ್ಲೂ ಈ ವಿಷ ಇರುತ್ತದೆ.

ನೆಲವೂ ಬಿರುಕು ಬಿಟ್ಟಿತ್ತು. 3 ಟನ್ ಎತ್ತುವ ಗಾಡಿಯ ಸ್ವಂತ ತೂಕವೇ ನಾಲ್ಕು ಟನ್ನಿಗಿಂತ ಜಾಸ್ತಿ. ಭಾರ ಎತ್ತಿದಾಗ ಗಾಡಿಯದೂ ಸಾಮಾನಿನದೂ ಸೇರಿ ಹೆಚ್ಚಿನ ತೂಕವೆಲ್ಲ ಮುಂದಿನ ಎರಡು ಗಾಲಿಗೆ ಬರುತ್ತದೆ. ಚಿರೆಕಲ್ಲು ಹಾಸಿ ಮೇಲೆ ಸಿಮೆಂಟ್ ಸವರಿದ ನೆಲ ಎಷ್ಟು ದಿನ ತಡೆದೀತು?

ಇಷ್ಟಾದರೆ ದುಡ್ಡಿನ ನಷ್ಟ ಅನ್ನಬಹುದಿತ್ತು. ನಾನು ಹೋದ ಮೂರನೇ ದಿನ ಒಬ್ಬ ಹಮಾಲರ ಕಾಲು ಮುರಿಯಿತು. ಫೋರ್ಕ್‌ಲಿಫ್ಟ್ ತಿರುಗುವುದು ಕಾರಿನ ಹಾಗಲ್ಲ. ಅದರ ಹಿಂದಿನ ಗಾಲಿ ತಿರುಗುತ್ತದೆ. ಮೂತಿ ಎಡಕ್ಕೆ ಹೊರಳಿದರೆ ಬಾಲ ಬಲಕ್ಕೆ ಬೀಸುತ್ತದೆ. ಅವರು ಥಪ್ಪಿಗೆ ಒರಗಿ ದಾರಿ ಬಿಟ್ಟು ನಿಂತಿದ್ದರು. ಎತ್ತಿದ ಸಾಮಾನಿಗೆ ಸಮತೂಕವಾಗಿ ಗಾಡಿಯ ಹಿಂದೆ ಇರುವ ಕಬ್ಬಿಣದ ಭಾರ ಬೀಸಿ ಬಂದು ಅವರ ಪಾದವನ್ನು ಚೀಲಕ್ಕೆ ಒತ್ತಿತು. ನಾನು ಬಾಗಿಲಲ್ಲೇ ಇದ್ದೆ. ಕೂಗಿದೆ. ಇಂಜಿನ್ ಸದ್ದಿನಲ್ಲಿ ಹುಡುಗನಿಗೆ ಕೇಳಲಿಲ್ಲ. ಅವರು ಮಾತ್ರ ಕೂಗಲೂ ಇಲ್ಲ, ಎರಡೂ ಕೈಯಲ್ಲಿ ಗಾಡಿಯನ್ನು ದೂಡುತ್ತಿದ್ದರು. ಮೂರು ತಿಂಗಳು ಕೆಲಸ ಇಲ್ಲ. ಹುಡುಗ ಅವತ್ತಿನಿಂದ ಗಾಡಿ ಮುಟ್ಟಲಿಲ್ಲ. ಅವನ ತಪ್ಪು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಆ ದಾರಿಯಲ್ಲಿ ಆ ಗಾಡಿಯನ್ನು ಯಾರು ಓಡಿಸಿದರೂ ಒಂದು ದಿನ ಅದು ಆಗುತ್ತಿತ್ತು.

ಹಾಗಾದರೆ ಅಲ್ಲಿಗೆ ಏನು ಬೇಕಿತ್ತು? ಯಜಮಾನರ ಜೊತೆ ಕೂತು ಲೆಕ್ಕ ಹಾಕಿದೆ. ಅವರಲ್ಲಿ ಒಂದು ಚೀಲ 65 ಕೆಜಿ. ಒಂದು ಪ್ಯಾಲೆಟ್ ಮೇಲೆ 12 ಚೀಲ ಅಂದರೆ 780 ಕೆಜಿ. ಪ್ಯಾಲೆಟ್ ಸೇರಿಸಿದರೂ ಒಂದು ಟನ್ ಮುಟ್ಟುವುದಿಲ್ಲ. 3 ಟನ್ನಿನ ಮಾತು ಎಲ್ಲಿಂದ ಬಂತು? ಒಂದೂವರೆ ಟನ್ನಿನ ಎಲೆಕ್ಟ್ರಿಕ್ ಸ್ಟ್ಯಾಕರ್ ಧಾರಾಳ ಸಾಕು. ನಡೆದುಕೊಂಡೇ ಓಡಿಸುವ, ಪ್ಯಾಲೆಟ್ ಎತ್ತಿ ಥಪ್ಪಿ ಹಾಕುವ ಸಣ್ಣ ಗಾಡಿ ಅದು. ಹೊಗೆ ಇಲ್ಲ, ಎರಡೂವರೆ ಮೀಟರ್ ದಾರಿಯಲ್ಲಿ ತಿರುಗುತ್ತದೆ. ಜೊತೆಗೆ ಎರಡು ಹ್ಯಾಂಡ್ ಪ್ಯಾಲೆಟ್ ಟ್ರಕ್. ಕೈಯಲ್ಲಿ ಹಿಡಿ ಒತ್ತಿ ಎತ್ತಿ ಎಳೆಯುವಂಥದ್ದು, ಎರಡು ಟನ್ನಿನ ಮೇಲೂ ತಡೆಯುತ್ತದೆ. ಆ ಗೋದಾಮಿಗೆ ಲಾರಿಯ ಎತ್ತರಕ್ಕೆ ಸರಿಯಾಗಿ ಕಟ್ಟೆ ಇದೆ. ಹಿಂದಿನವರು ಯೋಚಿಸಿ ಕಟ್ಟಿದ್ದಾರೆ. ಕಟ್ಟೆ ಇದ್ದ ಕಡೆ ಲಾರಿ ತುಂಬಲು ಫೋರ್ಕ್‌ಲಿಫ್ಟೇ ಬೇಡ. ನಡುವೆ ಒಂದು ದಪ್ಪ ಕಬ್ಬಿಣದ ತಗಡು ಹಾಕಿ ಹ್ಯಾಂಡ್ ಪ್ಯಾಲೆಟ್ ಎಳೆದುಕೊಂಡು ಲಾರಿಯೊಳಗೇ ಹೋಗಬಹುದು.

ಇಲ್ಲೊಂದು ಸಣ್ಣ ವಿಷಯ. ಸಾಮಾನ್ಯ ಸ್ಟ್ಯಾಕರಿನ ಕಾಲು ಫೋರ್ಕಿನ ಕೆಳಗೇ ಇರುತ್ತದೆ. ಪ್ಯಾಲೆಟ್ಟಿನ ಅಡಿಯಲ್ಲಿ ಅಡ್ಡಪಟ್ಟಿ ಇದ್ದರೆ ಆ ಕಾಲು ಒಳಗೆ ಹೋಗುವುದಿಲ್ಲ. ಹೊಸ ಸ್ಟ್ಯಾಕರ್ ತಂದು, ಪ್ಯಾಲೆಟ್ ಹೊಂದದೆ ಮೂಲೆಗೆ ನಿಲ್ಲಿಸಿದ್ದನ್ನು ನಾನು ಅಂಕೋಲಾ ಕಡೆ ಕಣ್ಣಾರೆ ಕಂಡಿದ್ದೇನೆ. ಪ್ಯಾಲೆಟ್ ಮತ್ತು ಗಾಡಿ ಎರಡನ್ನೂ ಒಟ್ಟಿಗೆ ಆರಿಸಬೇಕು.

ರೀಚ್ ಟ್ರಕ್, ಅಂದರೆ ಫೋರ್ಕನ್ನು ಮುಂದಕ್ಕೆ ಚಾಚಿ ಹಿಂದಕ್ಕೆ ಎಳೆದುಕೊಳ್ಳುವ ಗಾಡಿ, ತರಬಹುದಾ ಎಂದು ಕೆಲವರು ಕೇಳುತ್ತಾರೆ. ಎಂಟು ಹತ್ತು ಮೀಟರ್ ಎತ್ತರದ ರ‍್ಯಾಕ್ ಇದ್ದು, ನೆಲ ಕನ್ನಡಿಯ ಹಾಗಿದ್ದರೆ ಅದು ಬಹಳ ಒಳ್ಳೆಯ ಗಾಡಿ. ಮೂರು ಮೀಟರಿಗಿಂತ ಕಡಿಮೆ ಅಗಲದ ದಾರಿಯಲ್ಲೂ ಕೆಲಸ ಮಾಡುತ್ತದೆ. ಅಂಥ ಗೋದಾಮು ನಮ್ಮಲ್ಲಿ ಎಷ್ಟಿವೆ? ಅದರ ಗಾಲಿ ಸಣ್ಣದು, ಗಟ್ಟಿ. ಅಂಗಳದ ಜಲ್ಲಿಯ ಮೇಲೆ, ಮಳೆಯಲ್ಲಿ ಅದನ್ನು ಇಳಿಸುವ ಹಾಗಿಲ್ಲ.

ಡೀಸೆಲ್ ಗಾಡಿಗೆ ನಾನು ವಿರೋಧಿ ಅಲ್ಲ. ತೆರೆದ ಅಂಗಳ, ಏರು ತಗ್ಗು, ಕಲ್ಲು, ಕಟ್ಟಿಗೆ ಇರುವ ಕಡೆ ಅದೇ ಸರಿ. ಗಾಳಿ ತುಂಬಿದ ದೊಡ್ಡ ಟೈರ್ ಇರಬೇಕು. ಆದರೆ ಅಲ್ಲೂ ಟನ್ನಿನ ಲೆಕ್ಕದಲ್ಲಿ ಮೋಸ ಹೋಗುತ್ತಾರೆ. ಕುಮಟಾ ಹತ್ತಿರದ ಒಂದು ಪ್ಲೈವುಡ್ ಅಂಗಡಿಯಲ್ಲಿ ಆದದ್ದನ್ನು ಹೇಳುತ್ತೇನೆ. ಅವರದು 2 ಟನ್ನಿನ ಗಾಡಿ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ 19 ಮಿ.ಮೀ. ಹಲಗೆ 40. ಒಟ್ಟು ಸುಮಾರು 1400 ಕೆಜಿ. ಎರಡು ಟನ್ ಎತ್ತುವ ಗಾಡಿಗೆ 1400 ಏನು ಮಹಾ ಎಂದು ಚಿಕ್ಕ ಬದಿಯಿಂದ ಫೋರ್ಕ್ ತೂರಿಸಿ ಎತ್ತಿದರು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದ ಕೂಡಲೇ ಹಿಂದಿನ ಗಾಲಿ ನೆಲ ಬಿಟ್ಟಿತು.

2 ಟನ್ ಎನ್ನುವುದು ಸುಮ್ನೆ 2 ಟನ್ ಅಲ್ಲ. ಸಾಮಾನಿನ ನಡುಭಾಗ ಫೋರ್ಕಿನ ಬುಡದಿಂದ 500 ಮಿ.ಮೀ. ದೂರದಲ್ಲಿದ್ದರೆ ಮಾತ್ರ 2 ಟನ್. ತಕ್ಕಡಿಯ ಹಾಗೆ, ಭಾರ ದೂರ ಹೋದಷ್ಟೂ ತಡೆಯುವ ಶಕ್ತಿ ಕಡಿಮೆ. ಅದೇ ಪ್ಲೈವುಡ್ಡನ್ನು ಉದ್ದ ಬದಿಯಿಂದ ಎತ್ತಿದರೆ ನಡುಭಾಗ 610 ಮಿ.ಮೀ.ಗೆ ಬರುತ್ತದೆ, ಗಾಡಿ ಸುಮಾರು 1800 ಕೆಜಿ ತಡೆಯುತ್ತದೆ. ಚಿಕ್ಕ ಬದಿಯಿಂದ ಎತ್ತಿದರೆ 1220 ಮಿ.ಮೀ., ತಡೆಯುವುದು 1100 ಕೆಜಿ ಆಸುಪಾಸು. ಗಾಡಿ ಅದೇ, ಸಾಮಾನು ಅದೇ. ಇದು ನಾನು ಹಾಕಿದ ಅಂದಾಜು ಲೆಕ್ಕ. ಸರಿಯಾದ ಅಂಕಿ ಗಾಡಿಯ ಮೇಲಿನ ಪ್ಲೇಟಿನಲ್ಲಿ ಕೊರೆದಿರುತ್ತದೆ. ಕೊಳ್ಳುವಾಗ ಆ ಪ್ಲೇಟ್ ಓದಬೇಕು. ಪ್ಲೇಟ್ ಕಿತ್ತುಹೋದ ಗಾಡಿ ಎಷ್ಟೇ ಅಗ್ಗ ಇದ್ದರೂ ಬೇಡ.

ಮತ್ತೆ, ಹಿಂದಿನ ಗಾಲಿ ಎದ್ದಿತು ಎಂದು ಅವರು ಮಾಡಿದ್ದೇನು ಗೊತ್ತೇ? ಗಾಡಿಯ ಹಿಂದೆ ಇಬ್ಬರನ್ನು ಹತ್ತಿಸಿ ನಿಲ್ಲಿಸಿ, ಅವರ ಭಾರದ ಮೇಲೆ ಕೆಲಸ ಮುಂದುವರಿಸಿದರು. ಇದನ್ನು ಗೋವಾದಲ್ಲೂ ನೋಡಿದ್ದೇನೆ, ಇಲ್ಲೂ ನೋಡುತ್ತಿದ್ದೇನೆ. ಕೈಮುಗಿದು ಕೇಳುತ್ತೇನೆ, ದಯವಿಟ್ಟು ಮಾಡಬೇಡಿ. ಗಾಡಿ ಮಗುಚಿದರೆ ಮೊದಲು ಬೀಳುವವರು ಆ ಇಬ್ಬರು.

ನಮ್ಮ ಕರಾವಳಿಯವರು ಸೆಕೆಂಡ್ ಹ್ಯಾಂಡ್ ಗಾಡಿ ನೋಡುವಾಗ ಇನ್ನೊಂದು ವಿಷಯಕ್ಕೆ ಗಮನ ಕೊಡಬೇಕು. ಉಪ್ಪು ಗಾಳಿಗೆ ಎತ್ತುವ ಚೈನು ಬೇಗ ತುಕ್ಕು ಹಿಡಿಯುತ್ತದೆ. ಮೀನು, ಐಸ್ ಸಾಗಿಸುವ ಕಡೆ ಕೇಳುವುದೇ ಬೇಡ. ಹೊರಗೆ ಗ್ರೀಸ್ ಬಳಿದು ಹೊಳೆಯುವಂತೆ ಮಾಡಿರುತ್ತಾರೆ. ಗ್ರೀಸ್ ಒರೆಸಿ ಒಂದೊಂದು ಕೊಂಡಿ ನೋಡಿ. ಚೈನು ಹೊಸದಿದ್ದಾಗ ಇದ್ದ ಉದ್ದಕ್ಕಿಂತ ನೂರಕ್ಕೆ ಮೂರು ಪಾಲು ಎಳೆದಿದ್ದರೆ ಬದಲಿಸಲೇಬೇಕು. ಫೋರ್ಕಿನ ಮೊಣಕೈ, ಅಂದರೆ ಅದು ಬಾಗುವ ಜಾಗ, ನೆಲಕ್ಕೆ ಉಜ್ಜಿ ಉಜ್ಜಿ ಸವೆಯುತ್ತದೆ. 40 ಮಿ.ಮೀ. ದಪ್ಪ ಇದ್ದದ್ದು 36ಕ್ಕೆ ಬಂದಿದ್ದರೆ ಆ ಫೋರ್ಕಿನ ಆಯುಸ್ಸು ಮುಗಿಯಿತು. ನಾಲ್ಕು ಮಿ.ಮೀ. ಅಷ್ಟೇ ಅಲ್ವಾ ಅನಿಸುತ್ತದೆ. ಆದರೆ ಅಷ್ಟು ಸವೆದರೆ ಶಕ್ತಿ ಐದರಲ್ಲಿ ಒಂದು ಪಾಲು ಹೋಗಿರುತ್ತದೆ.

ಎಲೆಕ್ಟ್ರಿಕ್ ಗಾಡಿಯ ಬಗ್ಗೆಯೂ ಎರಡು ಮಾತು. ಹಳೇ ಮಾದರಿಯ ಸೀಸದ ಬ್ಯಾಟರಿ ಎಂಟು ತಾಸು ದುಡಿದರೆ ಎಂಟು ತಾಸು ಚಾರ್ಜ್ ಆಗಬೇಕು, ಮತ್ತೆ ತಣಿಯಲು ಅಷ್ಟೇ ಹೊತ್ತು. ಒಂದೇ ಪಾಳಿ ಇರುವವರಿಗೆ ತೊಂದರೆ ಇಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಬೆಂಕಿ ತಗುಲಿದರೆ ಸ್ಫೋಟಿಸುವ ಗ್ಯಾಸ್ ಅದು. ಮಾಡಿನ ಹತ್ತಿರ ಗಾಳಿ ಹೋಗುವ ಕಿಂಡಿ ಬೇಕು, ಬೀಡಿ ಸೇದುವವರು ಆ ಕಡೆ ಹೋಗಬಾರದು. ಲಿಥಿಯಂ ಬ್ಯಾಟರಿಗೆ ಈ ರಗಳೆ ಕಡಿಮೆ, ಊಟದ ಬಿಡುವಿನಲ್ಲೂ ಚಾರ್ಜ್ ಹಾಕಬಹುದು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ನಮ್ಮ ಘಟ್ಟದ ಊರುಗಳಲ್ಲಿ, ಕರೆಂಟ್ ಬಂದಾಗ ಬೇಗ ಚಾರ್ಜ್ ಆಗುವುದೇ ದೊಡ್ಡ ಅನುಕೂಲ. ಆದರೆ ಹಳೇ ಗಾಡಿಯ ಸೀಸದ ಬ್ಯಾಟರಿ ತೆಗೆದು ಹಗುರವಾದ ಲಿಥಿಯಂ ಕೂರಿಸುವಾಗ ಜೋಕೆ. ಫೋರ್ಕ್‌ಲಿಫ್ಟಿನಲ್ಲಿ ಬ್ಯಾಟರಿಯ ತೂಕವೂ ಹಿಂದಿನ ಭಾರದ ಒಂದು ಪಾಲು. ಕಡಿಮೆಯಾದಷ್ಟು ತೂಕವನ್ನು ಕಂಪನಿಯವರು ಹೇಳಿದ ಹಾಗೆ ಕಬ್ಬಿಣ ಹಾಕಿ ತುಂಬಬೇಕು.

ತಮ್ಮ ಪತ್ರಿಕೆಯ ಮೂಲಕ ವ್ಯಾಪಾರಸ್ಥರಲ್ಲಿ, ಸಹಕಾರಿ ಸಂಘಗಳವರಲ್ಲಿ ನನ್ನದೊಂದು ಕೋರಿಕೆ. ಗಾಡಿ ನೋಡಲು ಹೋಗುವಾಗ ಅದನ್ನು ಓಡಿಸುವ ಹುಡುಗನನ್ನು ಜೊತೆಗೆ ಕರೆದುಕೊಂಡು ಹೋಗಿ. ಮಾರುವವರನ್ನು ಮೊದಲು ನಿಮ್ಮ ಗೋದಾಮಿಗೆ ಕರೆಸಿ. ಅವರು ಬಾಗಿಲು, ದಾರಿ, ನೆಲ ನೋಡದೆ ಗಾಡಿ ಹೆಸರು ಹೇಳಿದರೆ ಒಪ್ಪಬೇಡಿ. ಜಿಲ್ಲಾ ಕೈಗಾರಿಕಾ ಕೇಂದ್ರದವರು ಮತ್ತು ನಮ್ಮ ಐಟಿಐಗಳವರು ಸೇರಿ ವರ್ಷಕ್ಕೆ ಎರಡು ಸಲವಾದರೂ ಶಿರಸಿಯಲ್ಲೊಂದು, ಕಾರವಾರದಲ್ಲೊಂದು ತರಬೇತಿ ಇಟ್ಟರೆ ಬಹಳ ಉಪಕಾರ. ಈಗ ನಮ್ಮ ಹುಡುಗರು ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿಯುತ್ತಿದ್ದಾರೆ, ತಪ್ಪನ್ನೂ ಹಾಗೇ ಕಲಿಯುತ್ತಾರೆ.

ಶಿರಸಿಯ ಆ ಯಜಮಾನರು ಡೀಸೆಲ್ ಗಾಡಿ ಮಾರಿದರು. ಸ್ಟ್ಯಾಕರ್ ಬಂದಿದೆ, ಬಾಗಿಲಿಗೆ ಹೊಸ ತೊಲೆ ಕೂತಿದೆ. ಕಾಲು ಮುರಿದುಕೊಂಡವರೂ ಕೆಲಸಕ್ಕೆ ಬಂದಿದ್ದಾರೆ, ನಡೆಯುವಾಗ ಸ್ವಲ್ಪ ಕುಂಟುತ್ತಾರೆ. ಗಾಡಿ ಎಲ್ಲಿ ಓಡಬೇಕು, ಜನ ಎಲ್ಲಿ ನಡೆಯಬೇಕು ಎಂದು ನೆಲದ ಮೇಲೆ ಹಳದಿ ಗೆರೆ ಎಳೆಯುವ ದಿನ ಯಜಮಾನರು ಅವರನ್ನೇ ಕರೆದು ಕೇಳಿದರು. ಗೆರೆ ಇನ್ನೂ ಒಂದು ಅಡಿ ಆ ಕಡೆ ಹೋಗಲಿ ಎಂದರು. ಹಾಗೇ ಎಳೆದೆವು.

ಇತಿ,
ಒಬ್ಬ ಫೋರ್ಕ್‌ಲಿಫ್ಟ್ ಚಾಲಕ, ಕಾರವಾರ