ಕ್ಲಚ್ ಲೈನಿನ ಗಾಳಿ ತೆಗೆಯದೆಯೇ ಕಾರು ಹಿಂತಿರುಗಿಸಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಕಾರು ಸರ್ವೀಸ್ ವಿಭಾಗ

ಮಾನ್ಯರೇ,

ಕಳೆದ ತಿಂಗಳು ನಿಮ್ಮಲ್ಲಿ ನನ್ನ ಕಾರಿನ ಕ್ಲಚ್ ಸ್ಲೇವ್ ಸಿಲಿಂಡರ್ (ಪೆಡಲ್ ತುಳಿದಾಗ ಎಣ್ಣೆಯ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ಬದಲಾಯಿಸಲಾಯಿತು. ಬಿಲ್ಲಿನಲ್ಲಿ ‘ಕ್ಲಚ್ ಬ್ಲೀಡಿಂಗ್’ (ಎಣ್ಣೆ ಹರಿಯುವ ಲೈನಿನಿಂದ ಗಾಳಿ ತೆಗೆಯುವ ಕೆಲಸ) ಎಂದು ಬೇರೆಯಾಗಿ ನಮೂದಿಸಿ ಹಣ ಪಡೆದಿದ್ದೀರಿ. ಆ ಕೆಲಸ ಅರ್ಧಕ್ಕೇ ನಿಂತಿತ್ತು.

ಅಂದು ಸಂಜೆಯೇ ಪೆಡಲ್ ಅರ್ಧದವರೆಗೆ ಬಿಗಿಯಿಲ್ಲದೆ ಇಳಿಯತೊಡಗಿತು. ರಿವರ್ಸ್ ಗೇರ್ ಹಾಕಿದರೆ ಕರಕರ ಸದ್ದು. ನಾಲ್ಕೈದು ಸಲ ಪೆಡಲ್ ತುಳಿದರೆ ಬಿಗಿ ಬಂದು ಗೇರ್ ಸಲೀಸಾಗಿ ಬೀಳುತ್ತಿತ್ತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಅದೇ ಪಾಡು. ಲೈನಿನಲ್ಲಿ ಗಾಳಿ ಉಳಿದಿದೆ ಎನ್ನಲು ಇಷ್ಟು ಸಾಕು. ಎಣ್ಣೆ ಒತ್ತಡಕ್ಕೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ತುಳಿತದ ಬಲವನ್ನು ಗುಳ್ಳೆಗಳೇ ನುಂಗಿಬಿಟ್ಟರೆ ಕ್ಲಚ್ ಪೂರ್ತಿ ಬಿಡುವುದಿಲ್ಲ.

ಮರುದಿನ ಕಾರು ತಂದಾಗ ನಿಮ್ಮ ಅಡ್ವೈಸರ್ ಬಾನೆಟ್ ಎತ್ತಿಯೂ ನೋಡಲಿಲ್ಲ. “ಕ್ಲಚ್ ಪ್ಲೇಟ್ ಸವೆದಿದೆ, ಗೇರ್‌ಬಾಕ್ಸ್ ಇಳಿಸಿ ಪೂರ್ತಿ ಸೆಟ್ ಹಾಕಬೇಕು” ಎಂದು ಅಂದಾಜುಪಟ್ಟಿ ಕೈಗಿತ್ತರು. ನನಗೆ ಹೆಚ್ಚು ನೋವಾಗಿರುವುದು ಇದರಿಂದಲೇ. ಪ್ಲೇಟ್ ಸವೆದರೆ ಕ್ಲಚ್ ಜಾರುತ್ತದೆ: ಎಂಜಿನ್ ಅಬ್ಬರಿಸುತ್ತದೆ, ವೇಗ ಏರುವುದಿಲ್ಲ. ನನ್ನ ಕಾರು ನಾಲ್ಕು ಜನರನ್ನು ಹೊತ್ತು ಏರು ರಸ್ತೆಯನ್ನು ಆರಾಮವಾಗಿ ಹತ್ತುತ್ತಿತ್ತು. ಗೇರ್ ಕಚ್ಚದಿರುವುದೇ ಬೇರೆ ರೋಗ, ಕ್ಲಚ್ ಜಾರುವುದೇ ಬೇರೆ ರೋಗ.

ಮನೆಗೆ ಬಂದು ನೋಡಿದರೆ ಬಾನೆಟ್ ಕೆಳಗಿನ ಕ್ಲಚ್ ಎಣ್ಣೆ ಡಬ್ಬಿಯಲ್ಲಿ ಎಣ್ಣೆ ಕನಿಷ್ಠ ಗೆರೆಗಿಂತ ಅರ್ಧ ಬೆರಳಿನಷ್ಟು ಕೆಳಗಿತ್ತು. ಮುಚ್ಚಳದ ಮೇಲೆ ಬರೆದಿರುವಂತೆ ಹೊಸ ಡಾಟ್ 4 ದರ್ಜೆಯ ಬ್ರೇಕ್ ಎಣ್ಣೆಯನ್ನು ನಾನೇ ತುಂಬಿದೆ. ಸ್ಲೇವ್ ಸಿಲಿಂಡರ್‌ನಲ್ಲಿ ಗಾಳಿ ಹೊರಬಿಡಲು ಇರುವ ನಿಪ್ಪಲ್‌ಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಎಣ್ಣೆ ಹಾಕಿದ ಬಾಟಲಿಯಲ್ಲಿ ಮುಳುಗಿಸಿದೆ. ನನ್ನ ತಮ್ಮ ಕ್ಲಚ್ ಪೆಡಲ್ ತುಳಿದು ಹಿಡಿದ. ನಾನು ನಿಪ್ಪಲ್ ಸಡಿಲಿಸಿ, ಅವನು ಕಾಲೆತ್ತುವ ಮೊದಲೇ ಬಿಗಿದೆ. ಮೊದಲ ಮೂರು ಸಲ ಬರೀ ನೊರೆ ಬಂತು. ಆಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಬಂದವು. ನಡುನಡುವೆ ಡಬ್ಬಿಗೆ ಎಣ್ಣೆ ಸುರಿಯುತ್ತಲೇ ಇದ್ದೆವು. ಸುಮಾರು ಇಪ್ಪತ್ತನೆಯ ಸಲಕ್ಕೆ ತಿಳಿ ಎಣ್ಣೆ ಮಾತ್ರ ಇಳಿಯಿತು. ಪೆಡಲ್ ಮೇಲಿನಿಂದಲೇ ಬಿಗಿಯಾಯಿತು, ರಿವರ್ಸ್ ಸದ್ದಿಲ್ಲದೆ ಬಿತ್ತು. ಒಟ್ಟು ಅರ್ಧ ಗಂಟೆಯ ಕೆಲಸ.

ಬ್ಲೀಡಿಂಗ್‌ಗೆ ಪಡೆದ ಹಣವನ್ನು ಹಿಂತಿರುಗಿಸಿ. ಪ್ಲೇಟ್ ಬದಲಿಸಬೇಕೆಂಬ ಸಲಹೆಯನ್ನು ಬರಹದಲ್ಲಿ ಹಿಂತೆಗೆದುಕೊಳ್ಳಿ. ಇವೆರಡಕ್ಕಿಂತ ಮುಖ್ಯವಾದದ್ದು ಬ್ರೇಕ್. ನನ್ನ ಕಾರಿನಲ್ಲಿ ಬ್ರೇಕ್‌ಗೂ ಕ್ಲಚ್‌ಗೂ ಒಂದೇ ಎಣ್ಣೆ ಡಬ್ಬಿ. ಅದರ ಎಣ್ಣೆ ಕನಿಷ್ಠ ಗೆರೆಗಿಂತ ಕೆಳಗಿರುವಾಗಲೇ ಗಾಡಿಯನ್ನು ರಸ್ತೆಗೆ ಬಿಟ್ಟಿದ್ದೀರಿ, ಅದರಲ್ಲಿ ನನ್ನ ಮನೆಯವರು ಓಡಾಡಿದ್ದಾರೆ. ಅನುಭವಿ ಮೆಕ್ಯಾನಿಕ್ ಒಬ್ಬರಿಂದ ನಾಲ್ಕೂ ಚಕ್ರಗಳ ಬ್ರೇಕ್ ಲೈನನ್ನು ಶುಲ್ಕವಿಲ್ಲದೆ, ನನ್ನ ಎದುರಿಗೇ ಪರೀಕ್ಷಿಸಿ ಕೊಡಬೇಕು.

ಬಿಲ್ಲು ಮತ್ತು ಅಂದಾಜುಪಟ್ಟಿಯ ಪ್ರತಿಗಳನ್ನೂ ಎಣ್ಣೆ ಡಬ್ಬಿಯ ಚಿತ್ರವನ್ನೂ ಲಗತ್ತಿಸಿದ್ದೇನೆ. 15 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕಾಗಿ ಕೋರುತ್ತೇನೆ.

ಇಂತಿ,
ಕಾರಿನ ಮಾಲೀಕ