ಆ ಕಾರು ನನ್ನದೇ, ಸ್ವಾಮಿ

ಸಂಪಾದಕರೇ,

ಮೊನ್ನೆ ಗುರುವಾರ ನಿಮ್ಮ ಮೂರನೇ ಪುಟದಲ್ಲಿ ಟ್ಯಾಂಕ್ ಸರ್ಕಲ್‌ನ ಹಂಪ್ ಮೇಲೆ ಚಕ್ರ ಮುರಿದು ನಿಂತ ಕಾರಿನ ಸುದ್ದಿ ಬಂದಿದೆಯಲ್ಲ, ಆ ಕಾರು ನನ್ನದೇ. ಒಂದೂವರೆ ಗಂಟೆ ಜನ ಪರದಾಡಿದರು ಎಂದು ಬರೆದಿರಿ, ಸರಿ. ಜೊತೆಗೆ ‘ಚಾಲಕನ ಅಜಾಗರೂಕತೆ’ ಅಂತ ಒಂದು ಸಾಲು ಬೇರೆ. ಗಾಡಿ ಸೆಕೆಂಡ್ ಗೇರ್‌ನಲ್ಲಿತ್ತು. ಅದಕ್ಕಿಂತ ನಿಧಾನ ಆಗಬೇಕೆಂದರೆ ನಾನು ಇಳಿದು ತಳ್ಳಬೇಕಿತ್ತು. ಹಿಂದಿನ ಸೀಟಿನಲ್ಲಿ ಎಪ್ಪತ್ತೆಂಟು ವರ್ಷದ ತಾಯಿ, ಡಿಕ್ಕಿಯಲ್ಲಿ ತೀರ್ಥಹಳ್ಳಿಯ ಗೃಹಪ್ರವೇಶಕ್ಕೆ ಒಯ್ಯುತ್ತಿದ್ದ ಹೋಳಿಗೆ ಡಬ್ಬ. ಮುಹೂರ್ತ ತಪ್ಪಿತು. ಹೋಳಿಗೆ ಕೊನೆಗೆ ಆಟೊ ಸ್ಟ್ಯಾಂಡಿನವರ ಪಾಲಾಯಿತು. ಪಾಪ, ಗಾಡಿ ಪಕ್ಕಕ್ಕೆ ಎತ್ತಿಟ್ಟವರು ಅವರೇ.

ನಡೆದದ್ದು ಇಷ್ಟು. ಮಾರ್ಚ್‌ನಲ್ಲಿ ಟಿಪ್ಪರ್ ಒಂದು ನನ್ನ ಕಾರಿನ ಎಡ ಮುಂಭಾಗಕ್ಕೆ ಗುದ್ದಿತ್ತು. ಗ್ಯಾರೇಜಿನಲ್ಲಿ ಇಪ್ಪತ್ತಾರು ದಿನ ಮಲಗಿತ್ತು. ಗಾಡಿಗೆ ಆರು ವರ್ಷ ಎಂದು ವಿಮೆಯವರು ಲೋಹದ ಭಾಗಕ್ಕೆ ಶೇ 40, ಪ್ಲಾಸ್ಟಿಕ್ಕಿಗೆ ಶೇ 50 ಸವಕಳಿ ಹಿಡಿದರು. ಆ ಸವಕಳಿಯಷ್ಟು ನನ್ನ ಜೇಬಿನದು. ಸರ್ವೇಯರ್ ಬಂದದ್ದು ಎರಡು ಸಲ, ಬೈಕಿನಿಂದ ಇಳಿದದ್ದು ಒಂದು ಸಲ. ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದು, ಬಣ್ಣ ಹೊಂದಿದೆಯಾ ಎಂದು ಬಾಗಿಲು ಸವರಿ ಹೋದರು. ಬಣ್ಣ ಚೆನ್ನಾಗಿಯೇ ಹೊಂದಿತ್ತು, ಸುಳ್ಳು ಹೇಳಬಾರದು.

ಗುರುವಾರದ ಸುದ್ದಿಯ ಆ ಕಾರನ್ನು ಎಳೆದೊಯ್ಯಲು ಬಂದ ಮೆಕ್ಯಾನಿಕ್ ಬಾನೆಟ್ ಎತ್ತಿ ನನ್ನನ್ನು ಕರೆದ. ಶಾಕ್ ಅಬ್ಸಾರ್ಬರ್ ಕೂರುವ ಗೂಡು ಏಪ್ರನ್‌ನಿಂದ, ಅಂದರೆ ಚಕ್ರದ ಪಕ್ಕದ ಒಳತಗಡಿನಿಂದ, ಕಿತ್ತುಬಂದು ವಾಲಿತ್ತು. ಅವನು ಸ್ಕ್ರೂಡ್ರೈವರ್ ತುದಿಯಿಂದ ಕೆರೆದಾಗ ಮೇಲಿನ ಕರಿ ಕೋಟಿಂಗ್ ಬಂತು, ಅದರಡಿ ಪುಟ್ಟಿ ಹಳೇ ಗೋಡೆಯ ಸುಣ್ಣದ ಹಾಗೆ ಹಕ್ಕಳೆ ಹಕ್ಕಳೆ ಉದುರಿತು. ಆಮೇಲೆ ಕಂಡದ್ದು ಹುಣಿಸೆ ಬೀಜದಂಥ ನಾಲ್ಕು ಗಂಟು. ಸುತ್ತ ತಗಡು ಸುಟ್ಟು ನೀಲಿಗಟ್ಟಿದೆ, ಒಂದು ಕಡೆ ತೂತೇ ಬಿದ್ದು ಅದಕ್ಕೆ ಹಿತ್ತಾಳೆ ಸುರಿದಿದ್ದಾರೆ. ಎರಡು ತಗಡಿನ ನಡುವೆ ಆಗಲೇ ತುಕ್ಕು. ‘ಗೇಟು, ಗ್ರಿಲ್ಲು ಬೆಸೆಯೋ ಕಡ್ಡಿ ವೆಲ್ಡಿಂಗು ಸಾರ್ ಇದು’ ಅಂದ. ಒಂದು ಮಿಲಿಮೀಟರಿನ ಆಸುಪಾಸಿನ ತಗಡಿಗೆ!

ಬಿಡದಿ ಕಡೆ ಕಾರು ಕಾರ್ಖಾನೆಯ ಬಾಡಿ ಶಾಪಿನಲ್ಲಿರುವ ನನ್ನ ಅಕ್ಕನ ಮಗನಿಗೆ ಫೋಟೊ ಕಳಿಸಿದೆ. ಅವನು ಮೊದಲು ನಕ್ಕ, ಆಮೇಲೆ ಬೈದ. ಈಗಿನ ಹೆಚ್ಚಿನ ಕಾರುಗಳಿಗೆ ಲಾರಿಯಂತೆ ಕೆಳಗೆ ಬೇರೆ ಚಾಸಿ ಇರುವುದಿಲ್ಲ, ಬಾಡಿಯೇ ಚಾಸಿ. ಅದನ್ನು ಹಿಡಿದಿರುವುದು ಕೆಲವು ಸಾವಿರ ಸ್ಪಾಟ್ ವೆಲ್ಡ್‌ಗಳು, ಅಂದರೆ ಎರಡು ತಗಡು ಒತ್ತಿ ಹಿಡಿದು ಕರೆಂಟ್ ಹಾಯಿಸಿ ಹಾಕುವ ಚುಕ್ಕೆ ಬೆಸುಗೆಗಳು. ಕೆಲವು ಕಡೆ ಗಡಸು ಉಕ್ಕು ಹಾಕಿರುತ್ತಾರೆ. ಅದಕ್ಕೆ ಗ್ಯಾಸಿನ ಬೆಂಕಿ ಹಿಡಿದು ಕೆಂಪಗೆ ಕಾಯಿಸಿದರೆ ಗಡಸುತನವೇ ಹೋಗುತ್ತದೆ, ನೋಡಲು ಮಾತ್ರ ಹಾಗೇ ಇರುತ್ತದೆ. ಸ್ಪಾಟ್ ಮಷೀನಿನಲ್ಲೋ ಮಿಗ್ ಎಂಬ ತಂತಿ ವೆಲ್ಡಿಂಗಿನಲ್ಲೋ, ಕಂಪನಿ ಹೇಳಿದ ಜಾಗದಲ್ಲಿ ಹೇಳಿದಷ್ಟೇ ಬೆಸುಗೆ ಹಾಕಬೇಕು. ಗಾಡಿ ಮುಟ್ಟುವ ಮೊದಲು ಅದೇ ದಪ್ಪದ ಎರಡು ಗುಜರಿ ತುಂಡು ಬೆಸೆದು ಕಿತ್ತು ನೋಡಬೇಕಂತೆ. ತಗಡು ಹರಿದು ಬೆಸುಗೆ ಉಳಿದರೆ ಪಾಸು, ಬೆಸುಗೆಯೇ ಟಪ್ಪಂತ ಬಿಟ್ಟುಕೊಂಡರೆ ಫೇಲು. ಐದು ನಿಮಿಷದ ಕೆಲಸ. ನಮ್ಮ ಗ್ಯಾರೇಜಿನವರು ಈ ಕಿತ್ತು ನೋಡುವ ಪರೀಕ್ಷೆಯನ್ನು ಟ್ಯಾಂಕ್ ಸರ್ಕಲ್‌ನಲ್ಲಿ, ನನ್ನ ತಾಯಿಯನ್ನು ಕೂರಿಸಿಕೊಂಡು, ನನ್ನ ಕೈಲೇ ಮಾಡಿಸಿದರು.

ಅಕ್ಕನ ಮಗನೇ ಹೇಳಿದ ಇನ್ನೊಂದು ಸಂಗತಿ: ಅಮೆರಿಕದ ಟೆಕ್ಸಸ್‌ನಲ್ಲಿ ಒಂದು ಗ್ಯಾರೇಜಿನವರು ಹೋಂಡಾ ಫಿಟ್, ಅಂದರೆ ನಮ್ಮ ಜಾಝ್, ಕಾರಿನ ಟಾಪನ್ನು ವೆಲ್ಡ್ ಮಾಡುವ ಬದಲು ಗೋಂದು ಹಾಕಿ ಅಂಟಿಸಿದ್ದರು. ಗೊತ್ತಿಲ್ಲದೆ ಆ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಕೊಂಡ ದಂಪತಿ 2013ರಲ್ಲಿ ಅಪಘಾತಕ್ಕೆ ಸಿಕ್ಕು ಘೋರವಾಗಿ ಗಾಯಗೊಂಡರು. 2017ರಲ್ಲಿ ಡಲ್ಲಾಸ್‌ನ ಜ್ಯೂರಿ ಆ ಗ್ಯಾರೇಜಿಗೆ 3 ಕೋಟಿ 15 ಲಕ್ಷ ಡಾಲರ್ ಪರಿಹಾರ ಕೊಡಿ ಅಂದಿತು. ನನಗೆ ನಮ್ಮ ಗ್ಯಾರೇಜಿನಿಂದ ಸಿಕ್ಕ ಪರಿಹಾರ: ‘ಆರು ವರ್ಷದ ಗಾಡಿ ಸಾರ್, ಹಂಪ್ ನೋಡ್ಕೊಂಡು ಓಡಿಸ್ಬೇಕು.’ ವೆಲ್ಡಿಂಗ್ ಮಾಡಿದ ಹುಡುಗ ಎಲ್ಲಿ ಎಂದರೆ ಊರಿಗೆ ಹೋಗಿದ್ದಾನಂತೆ. ಆ ಹುಡುಗನನ್ನು ನಾನು ಬೈಯುವುದಿಲ್ಲ. ಐಟಿಐನಲ್ಲಿ ವೆಲ್ಡರ್ ಟ್ರೇಡ್‌ಗೆ ಒಂದು ವರ್ಷ ಕಲಿಸುತ್ತಾರೆ, ಇವನಿಗೆ ಕಪ್ಪು ಕನ್ನಡಕ ಕೊಟ್ಟು ಒಂದು ವಾರ ಆಗಿತ್ತೋ ಇಲ್ಲವೋ.

ಇದನ್ನೆಲ್ಲ ನೋಡಬೇಕಾದವರು ಯಾರು? ಆರ್‌ಟಿಒದವರಾ? ಎರಡು ವರ್ಷದ ಹಿಂದೆ ನಮ್ಮ ತಂದೆಯ ಹಳೇ ಸ್ಕೂಟರಿನ ಆರ್‌ಸಿ ನವೀಕರಣಕ್ಕೆ ಹೋದಾಗ ಎಡಗಡೆ ಕನ್ನಡಿ ಇಲ್ಲವೆಂದು ಮೂರು ಸಲ ಓಡಾಡಿಸಿದವರು ಅವರು. ಅಷ್ಟು ತೀಕ್ಷ್ಣ ಕಣ್ಣಿಗೆ ಊರಿನ ಒಂದು ಗ್ಯಾರೇಜೂ ಬೀಳುವುದಿಲ್ಲ. ಇನ್ನು ಆ ಹಂಪ್. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವುದು 10 ಸೆಂ.ಮೀ. ಎತ್ತರ. ನಮ್ಮದು ಎಮ್ಮೆ ಮಲಗಿದಂತಿದೆ, ಬಿಳಿ ಪಟ್ಟಿ ಬಳಿದವರಿಲ್ಲ. ಯುಜಿಡಿಗೆಂದು, ಅಂದರೆ ಒಳಚರಂಡಿಗೆಂದು, ಅಗೆದು ಮುಚ್ಚಿದ ಗುಂಡಿ ಅದರ ಬುಡದಲ್ಲೇ ಇದೆ. ಅದರ ಬಗ್ಗೆ ನಾನೇ ಇದೇ ಅಂಕಣಕ್ಕೆ ಎರಡು ಪತ್ರ ಬರೆದಿದ್ದೆ, ನೀವು ಒಂದನ್ನು ಹಾಕಿದಿರಿ.

ಆದ್ದರಿಂದ ಸಂಬಂಧಪಟ್ಟವರು ಗ್ಯಾರೇಜುಗಳ ವೆಲ್ಡಿಂಗ್ ಪರೀಕ್ಷಿಸಲಿ, ಇಲ್ಲವೇ ಹಂಪ್ ಆದರೂ ತೆಗೆಯಲಿ. ವಿಮೆಯವರು ಬಣ್ಣ ಸವರುವ ಬದಲು ಒಮ್ಮೆ ಬಗ್ಗಿ ಗಾಡಿಯ ಅಡಿ ನೋಡಲಿ, ಸೊಂಟ ನೋವಿದ್ದರೆ ಟಾರ್ಚ್ ನಾನು ಹಿಡಿಯುತ್ತೇನೆ. ನೀವು ಮಾತ್ರ ನಾಳೆಯೇ ‘ಚಾಲಕನ ಅಜಾಗರೂಕತೆ’ಗೆ ತಿದ್ದುಪಡಿ ಹಾಕಿ, ಮೂರನೇ ಪುಟದಲ್ಲೇ.

– ಆ ಕಾರಿನ ಚಾಲಕ, ಟ್ಯಾಂಕ್ ಸರ್ಕಲ್ ಹಿಂಭಾಗ