ಒಟಿಪಿ ಊರಲ್ಲಿ, ಮುರಿದ ಕಾಲು ಇಲ್ಲಿ

ಮಾನ್ಯರೇ,

ವರ್ತೂರಿನಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಎದುರಿಗೇ ಜಾರ್ಖಂಡ್‌ನ ಕಟ್ಟಡ ಕಾರ್ಮಿಕರ ತಗಡಿನ ಶೆಡ್‌ಗಳು. ಹೋದ ತಿಂಗಳು ಕಂಬಿ ಕಟ್ಟುವ ಹುಡುಗನೊಬ್ಬ ಸಾರವೆಯಿಂದ ಬಿದ್ದು ಕಾಲು ಮುರಿದುಕೊಂಡ.

ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಬೇರೆ ರಾಜ್ಯದಲ್ಲೂ ನಡೆಯುತ್ತೆ. ಅವನ ಮನೆಯವರ ಹೆಸರು ಪಟ್ಟಿಯಲ್ಲಿತ್ತು, ಕಾರ್ಡ್ ಮಾತ್ರ ಮಾಡಿಸಿರಲಿಲ್ಲ. ಆಧಾರ್‌ಗೆ ಜೋಡಿಸಿದ್ದು ಊರಲ್ಲಿರುವ ಅಣ್ಣನ ನಂಬರ್. ಅಣ್ಣ ಗದ್ದೆಯಲ್ಲಿ, ಫೋನ್ ಮನೆಯಲ್ಲಿ. ಕಾರ್ಡ್ ಮಾಡಿಸಲು ಆ ನಂಬರ್‌ಗೆ ಮೂರು ಸಲ ಒಟಿಪಿ ಕಳಿಸಿದೆವು, ಮೂರೂ ದಂಡ. ಕೊನೆಗೆ ಮೇಸ್ತ್ರಿ ಹತ್ತಿರ ಸಾಲ ಮಾಡಿ ರಾಡ್ ಹಾಕಿಸಿಕೊಂಡ. ಈಗ ಕೂಲಿಯಲ್ಲಿ ಅರ್ಧ ಸಾಲಕ್ಕೇ ಮುರಿದುಕೊಳ್ತಾರೆ.

ಇನ್ನು ಜ್ವರ, ಗಾಯದ ಡ್ರೆಸ್ಸಿಂಗ್‌ಗೆಲ್ಲ ಈ ವಿಮೆ ಬರುವುದೇ ಇಲ್ಲ, ಅಡ್ಮಿಟ್ ಆಗಬೇಕು. ಅದಕ್ಕೇ ಎಲ್ಲರೂ ನನ್ನ ಕೌಂಟರ್‌ಗೆ ಬಂದು ‘ಏನಾದ್ರೂ ಮಾತ್ರೆ ಕೊಡಿ’ ಅಂತಾರೆ. ನಾನೇನು ಡಾಕ್ಟರಾ?

ಕೇರಳ 2017ರಲ್ಲೇ ವಲಸೆ ಕಾರ್ಮಿಕರಿಗೆಂದೇ ‘ಆವಾಜ್’ ವಿಮೆ ತಂದಿತು. ಆಗ ಅದರಲ್ಲಿ 15 ಸಾವಿರ ರೂಪಾಯಿವರೆಗೆ ಚಿಕಿತ್ಸೆ ಇತ್ತು, ಜಾಸ್ತಿಯೇನಲ್ಲ. ಆದರೂ ಅವರಿಗೆಂದೇ ಮಾಡಿದ್ದು, ಅಲ್ವಾ? ನಮ್ಮ ಸರ್ಕಾರದವರು ಒಟಿಪಿ ಬದಲು ಬೆರಳಚ್ಚಿನ ಯಂತ್ರ ಹಿಡಿದು ಒಂದು ಭಾನುವಾರ ಈ ಶೆಡ್‌ಗಳಿಗೇ ಬಂದು ಕಾರ್ಡ್ ಮಾಡಿಕೊಡಲಿ. ಮೇಜು, ಕುರ್ಚಿ, ಕರೆಂಟು ನನ್ನ ಅಂಗಡಿಯಿಂದಲೇ ಕೊಡುತ್ತೇನೆ.

– ಮೆಡಿಕಲ್ ಶಾಪ್ ಮಾಲೀಕ, ವರ್ತೂರು, ಬೆಂಗಳೂರು